ಪೆನ್ಸಿಲ್ ಕೆಳಗಿನ ಮಾರಿ

ಮೂರು ವರ್ಷದ ಹಿಂದಿನ ಮಾತು. ಶಿಗ್ಗಾಂವದ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಾಗ ನಮ್ಮ ಫೋಟೋ ಸ್ಟುಡಿಯೋ ಐತಿ. ಆಗ ನನಗ ಅರವತ್ತೆಂಟು ದಾಟಿತ್ತು. ಕ್ಯಾಮೆರಾ, ಕಂಪ್ಯೂಟರ್, ಗಿರಾಕಿ ಎಲ್ಲಾ ಮಗಳು ರತ್ನಾನ ಕೈಯಾಗ. ನನಗ ಉಳಿದಿದ್ದು ಒಂದ ಕೆಲಸ. ಬಣ್ಣ ನೋಡಿ ಹೂಂ ಅನ್ನೂದು, ಇಲ್ಲಾ ಉಹೂಂ ಅನ್ನೂದು.

ನಾ ಸಾಲಿ ಕಲಿತದ್ದು ಎರಡನೇತ್ತಾ ತನಕ. ಕನ್ನಡ ಕೂಡಿಸಿಕೊಂಡು ಓದ್ತೇನಿ, ಇಂಗ್ಲಿಷ್ ಬರಂಗಿಲ್ಲ. ಕಣ್ಣು ಮಾತ್ರ ಚಲೋ ಅದಾವ.

ಲಗ್ನಾ ಆಗಿ ಬಂದ ಹೊಸದಾಗಿ, ಸವಣೂರಾಗ ನನ್ನ ಗಂಡನ ಸೋದರಮಾವನ ಸ್ಟುಡಿಯೋದಾಗ ಟಚಿಂಗ್ ಕಲಿತೆ. ಮುಂದ ಗಂಡ ಇಲ್ಲೆ ಸ್ಟುಡಿಯೋ ಹಾಕಿದ, ಫೋಟೋ ಅವನ ತಗಿಯಾಂವ, ಟಚಿಂಗ್ ನಂದು. ಈಗಿನವರಿಗೆ ಗೊತ್ತಿರಂಗಿಲ್ಲ, ಹೇಳ್ತೇನಿ. ಆಗ ಫೋಟೋ ರೀಲಿನಾಗ ಬರ್ತಿತ್ತು. ರೀಲು ತೊಳೆದ ಮ್ಯಾಲ ಸಿಗೂದು ನೆಗೆಟಿವ್. ಅದರಾಗ ಎಲ್ಲಾ ಉಲ್ಟಾ, ಬೆಳಕಿದ್ದಲ್ಲಿ ಕಪ್ಪು, ಕಪ್ಪಿದ್ದಲ್ಲಿ ಬೆಳಕು. ಅದನ್ನ ಹಾಲಿನ ಬಣ್ಣದ ಗಾಜಿನ ಮ್ಯಾಲ ಇಟ್ಟು, ಹಿಂದಿನಿಂದ ಬೆಳಕು ಬಿಟ್ಟು, ಸೂಜಿಯಂಗ ಚೂಪು ಮಾಡಿದ ಪೆನ್ಸಿಲಿನಿಂದ ಮಾರಿ ಮ್ಯಾಲ ಸಣ್ಣ ಸಣ್ಣ ಗೀಟು ಎಳೀಬೇಕು. ನೆಗೆಟಿವ್ ಮ್ಯಾಲ ಪೆನ್ಸಿಲ್ ಎಷ್ಟು ಕೂಡತೈತೋ ಫೋಟೋದಾಗ ಮಾರಿ ಅಷ್ಟು ಬೆಳ್ಳಗ ಬರತೈತಿ. ಮೊಡವಿ, ಸಿಡುಬಿನ ಕಲಿ, ಕಣ್ಣಿನ ಕೆಳಗಿನ ಕಪ್ಪು ಎಲ್ಲಾ ಹೋಗ್ತಿದ್ವು. ಜೋಡಿಗೆ ಮೈಬಣ್ಣನೂ ಹೋಗ್ತಿತ್ತು. ಬೆಳ್ಳಗ ಮಾಡ್ರಿ ಅಂತ ಯಾರೂ ಬಾಯಿಬಿಟ್ಟು ಹೇಳ್ತಿದ್ದಿಲ್ಲ. ಮಾಡಲಿಲ್ಲಂದ್ರ ಮಾತ್ರ ಫೋಟೋ ಕೆಟ್ಟೈತಿ ಅಂತಿದ್ರು. ನಾ ಮಾಡಿದೆ. ಮೂವತ್ತು ವರ್ಷ ಮಾಡಿದೆ. ಕೈ ತಾನ ಹೋಗ್ತಿತ್ತು. ಯಾರ ಮಾರಿ ಅಂತ ನೋಡೂ ಪುರಸೊತ್ತು ಇರ್ತಿದ್ದಿಲ್ಲ.

ರೀಲು ಹೋತು, ಡಿಜಿಟಲ್ ಬಂತು. ನನ್ನ ಪೆನ್ಸಿಲ್ ಡಬ್ಬಿ ಸೇರಿತು. ಗಂಡ ತೀರಿಕೊಂಡ. ರತ್ನಾ ಲಗ್ನದ ವಿಡಿಯೋ ತಗಿಯಾಕ ಶುರು ಮಾಡಿದ್ಲು. ಬರಬರತಾ ಗಿರಾಕಿ ಹೊಸ ಮಾತು ತಗದ್ರು. "ವಿಡಿಯೋ ಸಿನಿಮಾದಂಗ ಕಾಣಬೇಕ್ರಿ."

ಡಿಜಿಟಲ್ ವಿಡಿಯೋ ಭಾಳ ಸ್ವಚ್ಛ ಇರತೈತಿ, ಈಗಷ್ಟ ತೊಳೆದಿಟ್ಟ ಸ್ಟೀಲ್ ತಾಟಿನಂಗ. ರೀಲು ಹಂಗಲ್ಲ. ರೀಲಿನಾಗ ಸಣ್ಣ ರವಾದಂಥ ಕಾಳು ಕಾಣತಾವ. ಬೆಳಕು ಒಮ್ಮೆಲೇ ಬಿಳಿ ಆಗಂಗಿಲ್ಲ, ಮೆಲ್ಲಕ ಕರಗತೈತಿ. ನೆರಳಿನಾಗೂ ಒಂದೀಟು ಬಣ್ಣ ಕುಂತಿರತೈತಿ. ಇದನ್ನ ಡಿಜಿಟಲ್ ವಿಡಿಯೋಕ್ಕ ಹೊರಗಿನಿಂದ ಹಚ್ಚೂ ಸಾಫ್ಟ್‌ವೇರ್ ಅದಾವ. ಅವುಗಳ ಹೊಟ್ಟಿಯಾಗ ಲಟ್ ಅನ್ನೂ ಪಟ್ಟಿ ಇರತಾವ. ಈ ಬಣ್ಣ ಕಂಡಲ್ಲಿ ಆ ಬಣ್ಣ ಹಾಕು ಅಂತ ಬರೆದಿಟ್ಟ ಪಟ್ಟಿ, ಅಷ್ಟ. ಒಂದು ಬಟನ್ ಒತ್ತಿದ್ರ ಇಡೀ ಲಗ್ನದ ಬಣ್ಣ ತಿರುಗತೈತಿ.

ರತ್ನಾ ಮೂರು ಸಾಫ್ಟ್‌ವೇರ್ ಪುಕ್ಕಟೆ ನೋಡೂ ಸಲುವಾಗಿ ಹಾಕ್ಕೊಂಡು ನನ್ನ ಮುಂದ ಇಟ್ಲು. "ಯವ್ವಾ, ಖರೇ ರೀಲು ಕಂಡಾಕಿ ಈ ಮನಿಯಾಗ ನೀ ಒಬ್ಬಾಕಿ. ನೀನ ಆರಸು."

ಅವುಗಳ ಹೆಸರು ನನಗ ಓದಾಕ ಬರಲಿಲ್ಲ. ಪರದೆ ಮ್ಯಾಲಿನ ಚಿತ್ರದ ಬಣ್ಣ ನೋಡಿ ಕೆಂಪಂದು, ನೀಲಿದು, ಕರೀದು ಅಂತ ಕರದೆ. ಹಾನಗಲ್ಲಿನ ಒಂದು ಲಗ್ನದ ಎರಡು ನಿಮಿಷದ ತುಣುಕು ಇತ್ತು, ಅದಕ್ಕ ಮೂರೂ ಹಚ್ಚಿ ನೋಡಿದ್ವಿ. ಆ ಮದುಮಗಳು ಮೊದಲ ಬೆಳ್ಳಗಿದ್ಲು. ನೀಲಿದರಾಗ ಕಾಳು ಜೋಳದಷ್ಟು ದಪ್ಪ, ಉಸುಕು ತೂರಿದಂಗ ಕಾಣ್ತಿತ್ತು. ಅದನ್ನ ತಗದು ಒಗಿ ಅಂದೆ. ಕರೀದರಾಗ ರೀಲಿನ ಗುಣ ಖರೇ ಇತ್ತು, ಆದ್ರ ಅದು ಒಂದೊಂದು ತುಣುಕಿಗೂ ನಿಂತು ಕೈಯಿಂದ ತಿದ್ದಸ್ತಿತ್ತು. ಕೆಂಪಂದರಾಗ ಬಣ್ಣದ ಜೋಡಿಗೆ ಮಾರಿ ತಿಕ್ಕೂದೂ ಇತ್ತು, ಹಚ್ಚಿದ ಕೂಡ್ಲೆ ಮಾರಿ ನುಣ್ಣಗಾತು, ಹಣಿ ಗಲ್ಲ ಬೆಳಗಿದ್ವು. ನನಗ ನನ್ನ ಪೆನ್ಸಿಲ್ ನೆಪ್ಪಾತು.

"ಕರೀದು ನಿಧಾನ ಯವ್ವಾ. ಆದ್ರ ಮಂದಿ ಇದ್ದಂಗ ಕಾಣ್ತಾರ ನೋಡು," ಅಂದ್ಲು ರತ್ನಾ.

"ಇದ್ದಂಗ ಕಾಣಾಕ ನಮ್ಮ ಹತ್ರ ಯಾಕ ಬರ್ತಾರ? ಮನಿಯಾಗ ಕನ್ನಡಿ ಇಲ್ಲೇನು?" ಅಂದೆ. "ಕೆಂಪಂದು ತಗೋ."

ಅರ್ಧ ತಾಸಿನಾಗ ಆರಿಸಿಬಿಟ್ಟೆ. ನನಗ ಭಾಳ ಹೆಮ್ಮಿ ಆಗಿತ್ತು, ಸುಳ್ಳು ಯಾಕ ಹೇಳ್ಲಿ.

ಆ ಹಂಗಾಮಿನಾಗ ದುಂಡಸಿಯ ನಿಂಗಪ್ಪ ಮಾಸ್ತರ ಬಂದ್ರು. ಕನ್ನಡ ಸಾಲಿಯಾಗ ಕಲಿಸಿ ನಿವೃತ್ತಿ ಆದವರು. ಅವರದು ಬೌದ್ಧರ ಮನಿ. ಮಗಳು ಸುಜಾತಾನ ಲಗ್ನ, ಗಂಡಿನವರು ಹಿರೇಕೆರೂರಿನವರು. ಅವರ ಲಗ್ನದಾಗ ಮದುಮಕ್ಕಳಿಗೆ ಬಿಳಿ ಬಟ್ಟಿ, ಚಪ್ಪರದ ತುಂಬ ನೀಲಿ ಧ್ವಜ.

"ಅಕ್ಕಾರ, ದೊಡ್ಡ ಮನಿತನದವರ ಲಗ್ನದ್ದು ಸಿನಿಮಾದಂಗ ಮಾಡ್ತೀರೆಲ್ಲಾ, ನಮ್ಮದೂ ಹಂಗ ಆಗಬೇಕು. ನಮ್ಮದು ಅಂತ ಕಡಿಮಿ ಮಾಡಬ್ಯಾಡ್ರಿ," ಅಂದ್ರು.

"ಕಡಿಮಿ ಯಾಕ ಮಾಡ್ಲಿ ಮಾಸ್ತರ? ಒಂದು ತೂಕ ಹೆಚ್ಚಿಗೆನ ಮಾಡ್ತೇನಿ," ಅಂದೆ. ಮಾಡಿದ್ದೂ ಹಂಗ.

ಆ ವಾರ ಮೂರು ಲಗ್ನ ಇದ್ವು. ರತ್ನಾ ದುಂಡಸಿಗೆ ಹೋಗಿ ತಕ್ಕೊಂಡು ಬಂದ್ಲು, ಜೋಡಿಸಿದ್ಲು, ಮ್ಯಾಲ ಕೆಂಪಂದು ಹಚ್ಚಿದ್ಲು. ನಾ ಐದು ನಿಮಿಷ ನೋಡಿದೆ. ಮಾರಿ ಬೆಳ್ಳಗ, ನುಣ್ಣಗ ಇತ್ತು. ಹೂಂ ಅಂದೆ. ಧ್ವಜ ನೋಡಲಿಲ್ಲ, ಸೀರಿ ನೋಡಲಿಲ್ಲ. ಮರುದಿನ ಯಲವಿಗಿಯಾಗ ಇನ್ನೊಂದು ಲಗ್ನ. ಕ್ಯಾಮೆರಾದ ಕಾರ್ಡ್ ತುಂಬಿತ್ತು, ಕಂಪ್ಯೂಟರಿನಾಗೂ ಜಾಗಾ ಇರಲಿಲ್ಲ. ವಿಡಿಯೋ ತಯಾರಾದ ಮ್ಯಾಲ ಮೂಲದ್ದನ್ನ ಅಳಿಸಿ ಕಾರ್ಡ್ ಖಾಲಿ ಮಾಡೂದು ನಮ್ಮ ರೂಢಿ. ರತ್ನಾ ಅಳಿಸಿದ್ಲು. ನನ್ನ ಕೇಳೇ ಅಳಿಸಿದ್ಲು.

ಹತ್ತು ಹನ್ನೆರಡು ದಿನ ಆದ ಮ್ಯಾಲ, ಒಂದಿನ ಮುಂಜಾನೆ ಒಬ್ಬ ಹುಡುಗಿ ಒಳಗ ಬಂದು ನಿಂತ್ಲು. ಕಪ್ಪನ ಮೈಬಣ್ಣ, ಗದ್ದದಾಗ ಒಂದು ಕುಳಿ, ಕೈಯಾಗ ಪೆನ್‌ಡ್ರೈವ್.

"ಬಾರವ್ವಾ, ಪಾಸ್‌ಪೋರ್ಟ್ ಫೋಟೋ ಏನು?" ಅಂದೆ.

"ನನ್ನ ಲಗ್ನಾ ನೀವ ತಗದೀರಿ ಆಯಿ," ಅಂದ್ಲು.

ನನಗ ಗುರುತ ಸಿಗಲಿಲ್ಲ. ಹೆಸರು ಹೇಳಿದ ಮ್ಯಾಲ ತಿಳೀತು, ನಿಂಗಪ್ಪ ಮಾಸ್ತರರ ಮಗಳು ಸುಜಾತಾ. ಆಕಿಯ ವಿಡಿಯೋ ನೋಡಿ ಹೂಂ ಅಂದಾಕಿ ನಾನ, ಆಕಿ ಎದುರು ಬಂದ್ರ ಯಾರು ಅಂತ ಕೇಳಿದಾಕಿನೂ ನಾನ.

ಆಕಿ ಅಳಲಿಲ್ಲ. ನಿಂತ ಹೇಳಿದ್ಲು. "ಅತ್ತಿ ಮನಿಯಾಗ ಟಿವಿಗೆ ಹಚ್ಚಿದ್ರು. ಬೀಗರು ನೆಂಟರು ಎಲ್ಲಾ ಕುಂತಿದ್ರು, ನಾ ಚಹಾ ಕೊಡಾಕತ್ತಿದ್ದೆ. ನಮ್ಮ ಅತ್ತಿಯ ತಂಗಿ ಟಿವಿ ತೋರಿಸಿ ಕೇಳಿದ್ಲು, ಇಕಿ ಯಾರಬೇ ಅಂತ. ಎಲ್ಲಾರೂ ಒಮ್ಮೆ ನನ್ನ ನೋಡಿದ್ರು, ಒಮ್ಮೆ ಟಿವಿ ನೋಡಿದ್ರು, ನಕ್ಕರು. ಅತ್ತಿ ಅಂದ್ಲು, ಹಿಂಗ ಇದ್ದಿದ್ರ ಎಷ್ಟು ಚಲೋ ಇತ್ತು."

"ಮಂದಿ ಮಾತು, ಬಿಡು," ಅಂದೆ.

"ಹೆಂಗ ಬಿಡ್ಲಿ? ಬಂದವರಿಗೆಲ್ಲಾ ಹಚ್ಚಿ ತೋರಸ್ತಾರ. ಆ ಮನಿಯಾಗ ಈಗ ಇಬ್ಬರು ಸೊಸೆಂದ್ರು ಅದೇವಿ. ಟಿವಿಯಾಗಿನಾಕಿ ಎಲ್ಲಾರಿಗೂ ಬೇಕಾಗ್ಯಾಳ. ಭಾಂಡೆ ತಿಕ್ಕೂದು ನಾನು."

"ಹುಚ್ಚಿ, ಚಂದ ಮಾಡಿದ್ದಕ್ಕ ಸಿಟ್ಟೇನು?"

ಆಕಿ ನನ್ನ ಕಣ್ಣಾಗ ಕಣ್ಣಿಟ್ಟು ಕೇಳಿದ್ಲು, "ಚಂದ ಮಾಡ್ರಿ ಅಂತ ನಿಮಗ ಯಾರು ಹೇಳಿದ್ರು ಆಯಿ?"

ಮೂವತ್ತು ವರ್ಷದಾಗ ಒಬ್ಬರೂ ಈ ಮಾತು ಕೇಳಿದ್ದಿಲ್ಲ.

"ನನ್ನ ಮಾರಿ ನನಗ ತಿರುಗಿ ಕೊಡ್ರಿ. ಅದು ಆಗೂತನಕ ನಾ ಹಿರೇಕೆರೂರಿಗೆ ಹೋಗಂಗಿಲ್ಲ. ತವರಮನಿಗೆ ಹೊಂಟೇನಿ. ಅಪ್ಪಗ ಏನ ಹೇಳಬೇಕೋ ಅದನ್ನೂ ನೀವ ಬಂದು ಹೇಳ್ರಿ," ಅಂದ್ಲು. ಪೆನ್‌ಡ್ರೈವ್ ಮೇಜಿನ ಮ್ಯಾಲ ಇಟ್ಟು ಹೋದ್ಲು.

ನಾ ರತ್ನಾನ ಕರದು, "ಮೂಲದ್ದು ತಗಿ, ಕೆಂಪಂದು ಬ್ಯಾಡ, ಹಂಗ ಕೊಟ್ಟು ಕಳಸೂಣು," ಅಂದೆ. ರತ್ನಾನ ಮಾರಿ ಸಪ್ಪಗಾತು. "ಯವ್ವಾ, ಮೂಲದ್ದು ಎಲ್ಲೈತಿ? ಅಳಿಸೇವಲ್ಲಾ."

ಆವತ್ತು ಬಾಗಲಾ ಹಾಕ್ಕೊಂಡು ಇಡೀ ವಿಡಿಯೋ ನೋಡಿದ್ವಿ. ನೀಲಿ ಧ್ವಜ ಎಲ್ಲಾ ಹಸರಾಗಿದ್ವು. ಬಿಳಿ ಸೀರಿ ಚಹಾದಾಗ ಅದ್ದಿದಂಗ ಹಳದಿ. ಮದುಮಗಳ ಗದ್ದದ ಕುಳಿ ತುಂಬಿ ಹೋಗಿತ್ತು. ಆ ಕೆಂಪು ಸಾಫ್ಟ್‌ವೇರಿನ ಪಟ್ಟಿ ಮಾಡಿದವರು ಯಾವ ದೇಶದ ಯಾವ ಮಂದಿ ಮಾರಿ ಮುಂದಿಟ್ಟುಕೊಂಡು ಮಾಡಿದ್ರೋ ಗೊತ್ತಿಲ್ಲ. ದುಂಡಸಿಯವರದಂತೂ ಅಲ್ಲ. ಆದ್ರ ಅವರ ಮ್ಯಾಲ ಹಾಕಿ ನಾ ಪಾರಾಗಂಗಿಲ್ಲ. ಆರಿಸಿದಾಕಿ ನಾನು. ಬೆಳ್ಳನ ಹುಡುಗಿಗೆ ಹಚ್ಚಿ ನೋಡಿ ಕಪ್ಪನ ಹುಡುಗಿಗೆ ಹಚ್ಚಿದಾಕಿ ನಾನು.

ಬಣ್ಣ ತಿರುಗಿಸಿದ್ರ ಆತಲ್ಲಾ ಅಂತ ನಿಮಗ ಅನ್ನಿಸಬಹುದು. ನಮಗೂ ಅನ್ನಿಸಿತು. ರತ್ನಾ ಹಸರನ್ನ ನೀಲಿ ಕಡೆ ತಿರುಗಿಸಿದ್ಲು. ಧ್ವಜ ನೀಲಿ ಆದ್ವು, ಹಿಂದಿನ ಬೇವಿನಗಿಡನೂ ನೀಲಿ ಆತು. ಸಾಫ್ಟ್‌ವೇರ್ ನೀಲಿಗೂ ಹಸರಿಗೂ ಒಂದ ಬಣ್ಣ ಕೊಟ್ಟು ಕೂಡಿಸಿಬಿಟ್ಟಿತ್ತು. ಕೂಡಿದ ಮ್ಯಾಲ ಯಾವುದು ಎಲೆ, ಯಾವುದು ಧ್ವಜ ಅಂತ ಯಂತ್ರಕ್ಕ ತಿಳಿಯಂಗಿಲ್ಲ. ಮನಷಾರ ಕುಂತು, ಒಂದೊಂದು ಧ್ವಜದ ಸುತ್ತ ಗೀಟು ಎಳೆದು, ಇದಿಷ್ಟ ನೀಲಿ ಅಂತ ತೋರಿಸಬೇಕು. ಆ ಕೆಲಸಕ್ಕ ನಾ ಬ್ಯಾಡ ಅಂದಿದ್ದ ಕರೀದ ಬೇಕಾತು. ರತ್ನಾ ಅದನ್ನ ತರಿಸಿದ್ಲು. ನಾ ಮೊದಲ ಹೇಳಿದ್ದೆ ಅಂತ ಒಮ್ಮೆ ಅಂದಿದ್ರ ಚಲೋ ಇತ್ತು.

ಮರುದಿನ ಲ್ಯಾಪ್‌ಟಾಪ್ ತಗೊಂಡು ಇಬ್ಬರೂ ದುಂಡಸಿ ಬಸ್ ಹತ್ತಿದ್ವಿ. ಮಾಸ್ತರಗ ಇದ್ದದ್ದು ಇದ್ದಂಗ ಹೇಳಿದೆ. ಅವರು ಒದರಾಡಲಿಲ್ಲ. ಒದರಾಡೂ ಮನಷಾ ಅಲ್ಲ. ಕನ್ನಡಕ ತಗದು ಒರಸಿಕೋತ ಅಂದ್ರು, "ದೊಡ್ಡವರದರಂಗ ಮಾಡ್ರಿ ಅಂದಿದ್ದೆ ಅಕ್ಕಾರ. ನಮ್ಮನ್ನ ಬ್ಯಾರೆಯವರನ್ನ ಮಾಡ್ರಿ ಅಂದಿದ್ದಿಲ್ಲ. ನಮ್ಮ ನೀಲಿ ಹಸರಾದ್ರ, ನಮ್ಮ ಹುಡುಗಿ ಬಿಳಿ ಆದ್ರ, ಅದು ಯಾರ ಲಗ್ನ?"

ಅಂಗಳದ ಬೆಳಕಿನಾಗ ಸುಜಾತಾನ ಕುರ್ಚಿ ಮ್ಯಾಲ ಕುಂಡ್ರಿಸಿ, ಲಗ್ನದ ಸೀರಿ ಮಡಿಲಾಗ ಇಟ್ಟು, ಧ್ವಜದ ಒಂದು ತುಂಡು ಪಕ್ಕಕ್ಕ ಹಿಡಿದು, ಲ್ಯಾಪ್‌ಟಾಪಿನಾಗಿನ ಬಣ್ಣ ತಾಳೆ ನೋಡಿದ್ವಿ. ಆಕಿ ಗಲ್ಲದ ಬಣ್ಣ, ಹಣಿ ಬಣ್ಣ, ಕೈ ಬಣ್ಣ ಬ್ಯಾರೆ ಬ್ಯಾರೆ. ಕುತ್ತಿಗಿ ಕೆಳಗ ಇನ್ನೂ ಒಂದು ಛಾಯಾ. ನಾ ಅಷ್ಟೊತ್ತು ಒಂದು ಮಾರಿ ನೋಡಿದ್ದು ಅದ ಮೊದಲು.

ನೀರು ಕುಡಿಯಾಕ ಒಳಗ ಹೋದಾಗ ಗ್ವಾಡಿ ಮ್ಯಾಲಿನ ಫೋಟೋ ಕಂಡೆ. ವಯಸ್ಸಾದ ಹೆಣಮಗಳು, ತಲಿ ಮ್ಯಾಲ ಸೆರಗು, ಮಾರಿ ಬೆಳದಿಂಗಳಂಗ. ಹಣಿ ಮ್ಯಾಲಿನ ಪೆನ್ಸಿಲಿನ ಅಡ್ಡ ಗೀಟು ನೋಡಿದ ಕೂಡ್ಲೆ ನನ್ನ ಕೈ ನನಗ ಗುರುತ ಸಿಕ್ಕಿತು.

"ನಮ್ಮವ್ವ," ಅಂದ್ರು ಮಾಸ್ತರ ಹಿಂದ ನಿಂತು. "ನಿಮ್ಮ ಯಜಮಾನ್ರ ತಗದಿದ್ರು. ಮನಿ ಹುಡುಗರು ಕೇಳ್ತಾವ, ಅಜ್ಜಿ ಅಷ್ಟು ಬೆಳ್ಳಗಿದ್ಲು, ನಾವ್ಯಾಕ ಹಿಂಗ ಅಂತ. ಬೆಳ್ಳಗಿರಲಿಲ್ಲ ಅಂತ ನನಗ ಗೊತ್ತು. ಹೆಂಗಿದ್ಲು ಅನ್ನೂದು ಮಾತ್ರ ಈಗ ನೆಪ್ಪಿಲ್ಲ. ದಿನಾ ಇದನ್ನ ನೋಡಿ ನೋಡಿ ಇದ ಕುಂತೈತಿ."

ನೀರಿನ ತಂಬಗಿ ಕೆಳಗಿಟ್ಟು, ಯಾವ ವರ್ಷ ತಗಸಿದ್ದು ಅಂತ ಕೇಳಿದೆ.

ಹನ್ನೆರಡು ದಿನ ಕೆಲಸ ಮಾಡಿದ್ವಿ. ರತ್ನಾ ಗೀಟು ಎಳೆಯಾಕಿ, ನಾ ಪಕ್ಕಕ್ಕ ಧ್ವಜದ ಚೂರು, ಸೀರಿ ಚೂರು ಹಿಡಿದು, "ಇನ್ನೊಂದೀಟು, ಸಾಕು, ಹೆಚ್ಚಾತು," ಅನ್ನಾಕಿ. ನೀಲಿ ಬಂತು. ಬಿಳಿ ಬಂತು. ಮಾರಿಯ ಬಣ್ಣನೂ ಭಾಳ ಮಟ್ಟಿಗೆ ಕೆಳಗಿಳೀತು. ಆದ್ರ ಅದು ಸಿಮೆಂಟ್ ಸವರಿದ ಗ್ವಾಡಿಯಂಗ ನುಣ್ಣಗ ಉಳೀತು. ಚರ್ಮದ ಗುರುತಿಲ್ಲ, ಗದ್ದದ ಕುಳಿ ಇಲ್ಲ. "ಬಣ್ಣ ತಿರುಗಿಸಬಹುದು ಯವ್ವಾ. ಅಳಿಸಿದ್ದನ್ನ ಎಲ್ಲಿಂದ ತರ್ಲಿ?" ಅಂದ್ಲು ರತ್ನಾ.

ಸುಜಾತಾಗ ಬಂದು ನೋಡು ಅಂತ ಹೇಳಿ ಕಳಿಸಿದ್ವಿ. ಆಕಿ ನೋಡಿದ್ಲು. ತನ್ನ ಗೆಳತಿ ಮೊಬೈಲಿನಾಗ ತಗದಿದ್ದ ನಾಕು ನಿಮಿಷದ ತುಣುಕು ತೋರಿಸಿದ್ಲು. ಮಾಲಿ ಹಾಕೂ ಹೊತ್ತು, ಪಕ್ಕದಿಂದ ತಗದದ್ದು, ಬಿಸಲು ಒಂದ ಕಡೆ ಬಿದ್ದೈತಿ, ನಡುವ ಯಾರದೋ ಕೈ ಅಡ್ಡ ಬರತೈತಿ.

"ಮಾಲಿ ಹಾಕೂ ಕಡೆ ನಿಮ್ಮದು ತಗದು ಇದನ್ನ ಹಾಕ್ರಿ ಅಕ್ಕಾ."

"ಮೊಬೈಲ್ದು ತಂಗಿ, ಅಲಗಾಡತೈತಿ. ಸಿನಿಮಾದಂಗ ಕಾಣಂಗಿಲ್ಲ," ಅಂದ್ಲು ರತ್ನಾ.

"ನನ್ನಂಗ ಕಾಣತೈತಿ."

ರತ್ನಾ ನನ್ನ ಕಡೆ ನೋಡಿದ್ಲು. ಹೂಂ ಅನ್ನಾಕ ಈ ಸಲ ನನ್ನ ಕೇಳೂದು ಯಾಕ ಅಂತ ಎದ್ದು ಒಳಗ ಹೋದೆ.

ಒಳಗ ನನಗ ಬ್ಯಾರೆ ಕೆಲಸ ಇತ್ತು. ಹಳೆ ನೆಗೆಟಿವ್ ಎಲ್ಲಾ ಬಿಸ್ಕೀಟಿನ ಡಬ್ಬಿಯಾಗ ಇಟ್ಟೇನಿ, ಒಟ್ಟ ಹನ್ನೆರಡು ಡಬ್ಬಿ. ಎರಡು ದಿನ ಹುಡುಕಿ ಮಾಸ್ತರರ ಅವ್ವನ ನೆಗೆಟಿವ್ ಹಿಡಿದೆ. ಪೆನ್ಸಿಲ್ ಗೀಟು ಕೂಡಲಿ ಅಂತ ನಾವು ನೆಗೆಟಿವ್ ಮ್ಯಾಲ ಒಂದು ತೆಳ್ಳನ ಎಣ್ಣಿ ಹಚ್ಚತಿದ್ವಿ. ಟರ್ಪೆಂಟೈನ್ ಅದ್ದಿದ ಹತ್ತಿಯಿಂದ ಒರಸಿದ್ರ ಎಣ್ಣಿನೂ ಹೋಗತೈತಿ, ಪೆನ್ಸಿಲ್ಲೂ ಹೋಗತೈತಿ. ಮೆಲ್ಲಕ ಒರಸಿದೆ. ನನ್ನ ಅಡ್ಡ ಗೀಟು ಎಲ್ಲಾ ಹತ್ತಿಗೆ ಬೂದಿ ಬಣ್ಣ ಆಗಿ ಬಂದ್ವು. ಬೆಳಕಿಗೆ ಹಿಡಿದೆ. ಕೆಳಗ ಮಾರಿ ಹಂಗ ಇತ್ತು. ಅಷ್ಟು ವರ್ಷ ಅಲ್ಲೇ ಇತ್ತು.

ಅದನ್ನ ರತ್ನಾನ ಕಡೆಯಿಂದ ಪ್ರಿಂಟ್ ಹಾಕಿಸಿದೆ. ಏನೂ ಮುಟ್ಟಬ್ಯಾಡ ಅಂತ ಎರಡು ಸಲ ಹೇಳಿದೆ.

ವಿಡಿಯೋ ಒಯ್ಯಾಕ ಮಾಸ್ತರ, ಸುಜಾತಾ ಇಬ್ಬರೂ ಬಂದ್ರು. ಪೂರ್ತಿ ಕುಂತು ನೋಡಿದ್ರು. ಧ್ವಜ ಬಂದಾಗ ಮಾಸ್ತರ ಒಮ್ಮೆ ಗೋಣು ಹಾಕಿದ್ರು, ಅಷ್ಟ. ಮುಗಿದ ಮ್ಯಾಲ ನಾ ಫೋಟೋ ಕೊಟ್ಟೆ.

ಅವರು ಕನ್ನಡಕ ಏರಿಸಿ ನೋಡಿದ್ರು. "ಇವರು ಯಾರ್ರೀ?"

"ನಿಮ್ಮವ್ವ. ಪೆನ್ಸಿಲ್ ಒರಸೇನಿ."

ಇನ್ನೊಮ್ಮೆ ನೋಡಿದ್ರು. ಬಾಗಲದ ಬೆಳಕಿಗೆ ಹೋಗಿ ನೋಡಿದ್ರು. "ಅಲ್ಲ ಅಕ್ಕಾರ. ಬ್ಯಾರೆಯವರದು ಕೂಡಿ ಬಂದೈತಿ. ಇದು ನಮ್ಮವ್ವ ಅಲ್ಲ."

ಸುಜಾತಾ ಅವರ ಕೈಯಾಗಿನ ಫೋಟೋ ಇಸಗೊಂಡ್ಲು. ಗಿರಾಕಿ ತಲಿ ಬಾಚಿಕೊಳ್ಳಾಕ ನಮ್ಮಲ್ಲಿ ಒಂದು ಕನ್ನಡಿ ಐತಿ, ಅದರ ಮುಂದ ನಿಂತು ಫೋಟೋ ತನ್ನ ಗಲ್ಲದ ಪಕ್ಕ ಹಿಡಿದ್ಲು.

"ಅಪ್ಪಾ, ಇಲ್ಲೆ ಬರ್ರಿ."

ಮಾಸ್ತರ ಹೋಗಿ ಆಕಿ ಹಿಂದ ನಿಂತ್ರು. ಗದ್ದದಾಗ ಅದ ಕುಳಿ. ಅವರು ಕನ್ನಡಿಯಾಗ ಒಮ್ಮೆ ಮಗಳನ್ನ, ಒಮ್ಮೆ ಫೋಟೋ ನೋಡಿದ್ರು. ಆಮ್ಯಾಲ ಪಾಸ್‌ಪೋರ್ಟ್ ಫೋಟೋಕ್ಕ ಕುಂಡ್ರೂ ಸ್ಟೂಲಿನ ಮ್ಯಾಲ ಕುಂತುಬಿಟ್ರು.

ಸುಜಾತಾ ಹಿರೇಕೆರೂರಿಗೆ ಹೋದ್ಲು. ಹೋಗಿ ನಾಕು ದಿನಕ್ಕ ಫೋನ್ ಮಾಡಿದ್ಲು.

"ಅತ್ತಿ ಏನಂದ್ಲು?" ಅಂತ ಕೇಳಿದೆ.

"ಮೊದಲಿನ ವಿಡಿಯೋನ ಚಲೋ ಇತ್ತು ಅಂದ್ಲು."

"ನೀ ಏನಂದಿ?"

"ಹಂಗಾದ್ರ ಮೊದಲಿನಾಕಿ ಕಡೆ ಚಹಾ ಮಾಡಿಸ್ಕೋರಿ ಅಂದೆ."

ನನಗ ನಗು ಬಂತು, ಆಕಿಗೂ ಬಂತು. ಆದ್ರ ಮೊದಲಿನ ವಿಡಿಯೋ ನೆಂಟರ ಮೊಬೈಲಿನಾಗ ಇನ್ನೂ ಐತಂತ. ಅದನ್ನ ತಿರುಗಿ ತರಾಕ ನನ್ನ ಕೈಲೆ ಆಗಿಲ್ಲ. ನಾಳೆ ಆಕಿಯ ಮಕ್ಕಳು ಅದನ್ನ ನೋಡಿ, ಅವ್ವಾ ನೀ ಅಷ್ಟು ಬೆಳ್ಳಗಿದ್ದಿ, ಈಗ ಯಾಕ ಹಿಂಗ ಅಂತ ಕೇಳಬಹುದು. ಅದಕ್ಕ ಆಕಿನ ಉತ್ತರ ಹೇಳಬೇಕು.

ಈಗ ನಮ್ಮಲ್ಲಿ ಕರೀದ ಐತಿ. ಸಿನಿಮಾದಂಗ ಬೇಕಂದವರಿಗೆ ಮಾಡಿ ಕೊಡ್ತೇವಿ, ಬ್ಯಾಡ ಅನ್ನಂಗಿಲ್ಲ. ಆದ್ರ ಹಚ್ಚೂಕಿಂತ ಮೊದಲು ಆ ಮನಿಯವರನ್ನ ಕುಂಡ್ರಿಸಿ, ಅವರ ಮನಿಯಾಗ ಎಲ್ಲಾರಕಿಂತ ಕಪ್ಪಗಿದ್ದವರ ಮಾರಿಗೆ ಹಚ್ಚಿ ತೋರಸ್ತೇವಿ. ಯಾವ ಬಣ್ಣ ಮುಟ್ಟಬಾರದು ಅಂತ ಕೇಳ್ತೇವಿ. ಅವರು ಪೂರ್ತಿ ನೋಡಿ ಆತು ಅನ್ನೂತನಕ ಕಾರ್ಡ್ ಅಳಿಸಂಗಿಲ್ಲ, ಮರುದಿನ ನಾಕು ಲಗ್ನ ಇರವಲ್ದ್ಯಾಕ. ಈ ಕಸಬು ನನಗ ಕಲಿಸಿದ್ದು ಇಷ್ಟ. ಮಾರಿ ಗಿರಾಕಿದು. ನಮ್ಮದು ಬೆಳಕು ಅಷ್ಟ. ನನ್ನ ಪೆನ್ಸಿಲ್ ತಪ್ಪ ಮಾಡಿತ್ತು, ಆದ್ರ ಅದರ ಕೆಳಗ ಮಾರಿ ಉಳಿದಿತ್ತು. ಆ ಕೆಂಪಂದು ಕೆಳಗ ಏನೂ ಉಳಿಸಿರಲಿಲ್ಲ.

ಹನ್ನೆರಡು ಡಬ್ಬಿ ನೆಗೆಟಿವ್ ಇನ್ನೂ ಅದಾವ. ಎಲ್ಲಾ ಒರಸಾಕ ನನ್ನ ಕೈಲೆ ಆಗಂಗಿಲ್ಲ, ಕೈ ನಡಗತಾವ. ಟರ್ಪೆಂಟೈನ್ ಬಾಟ್ಲಿ ಮೇಜಿನ ಮ್ಯಾಲ ಇಟ್ಟೇನಿ. ಹಾನಗಲ್ ಇರಲಿ, ಸವಣೂರ ಇರಲಿ, ನಮ್ಮ ಮನಿಯವರ ಮಾರಿ ಇದ್ದಂಗ ತಗದು ಕೊಡ್ರಿ ಅಂತ ಯಾರ ಬಂದ್ರೂ ಒರಸಿ ಕೊಡ್ತೇನಿ. ಮೂರು ವರ್ಷದಾಗ ಹಂಗ ಕೇಳಿಕೊಂಡು ಬಂದವರು ಇಬ್ಬರು.